ಇಸ್ತ್ರಿಪೆಟ್ಟಿಗೆ ಹೊಲ ಕೆಂಪಾದ ದಿನ

“ಕುರ್ಚಿ ಗಿರಗಿರ ತಿರುಗಿಸಬೇಡ. ಮೌಸ್ ಮುಟ್ಟಬೇಡ. ಕೀಬೋರ್ಡ್ ಹತ್ರ ನೀರಿನ ಬಾಟಲಿ ಇಡಬೇಡ,” ಎಂದಳು ಅಮ್ಮ.

“ಉಸಿರಾಡಬಹುದಾ?” ಎಂದು ಮಿಡತೆ ಕೇಳಿದಳು.

“ಮೆಲ್ಲಗೆ ಆಡು. ಒಂದು ಚಿಕ್ಕ ಮೀಟಿಂಗ್, ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ.” ಅಮ್ಮ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಗಾಜಿನ ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು.

ಮಿಡತೆ ಎನ್ನುವುದು ಅವಳ ನಿಜವಾದ ಹೆಸರೇನಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಬೇರೆಯೇ ಹೆಸರಿದೆ. ಆದರೆ ಅವಳು ನಡೆಯುವುದಕ್ಕಿಂತ ನೆಗೆಯುವುದೇ ಹೆಚ್ಚು ಎಂದು ಮಾವ ಇಟ್ಟ ಹೆಸರು ಎಲ್ಲರ ಬಾಯಲ್ಲೂ ಅಂಟಿಕೊಂಡುಬಿಟ್ಟಿತ್ತು. ಕಾಲಿಗಷ್ಟೇ ಅಲ್ಲ, ಅವಳ ನಾಲಗೆಗೂ ಅದೇ ನೆಗೆತ. ಟೀಚರ್ ಪ್ರಶ್ನೆ ಮುಗಿಸುವುದರೊಳಗೆ ಅವಳ ಉತ್ತರ ಮುಗಿದಿರುತ್ತಿತ್ತು. ಅದು ಎಷ್ಟೋ ಸಲ ಬೇರೆ ಯಾವುದೋ ಪ್ರಶ್ನೆಯ ಉತ್ತರವಾಗಿರುತ್ತಿತ್ತು, ಅಷ್ಟೆ.

ಅಂದು ಶಾಲೆಯಲ್ಲಿ ನೀರಿನ ಪೈಪು ಒಡೆದು ಕ್ಲಾಸುಗಳೆಲ್ಲ ಕೆರೆಯಾಗಿದ್ದವು. ಹಾಗಾಗಿ ದಿಢೀರ್ ರಜೆ. ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ಬಿಟ್ಟರೆ ಮನೆ ಉಳಿಯುವುದೂ ಅನುಮಾನ. ಅದಕ್ಕೇ ಅಮ್ಮ ಅವಳನ್ನು ಆಫೀಸಿಗೆ ಕರೆದುಕೊಂಡು ಬಂದಿದ್ದಳು.

ಅಮ್ಮನ ಕೆಲಸ ಏನು ಎಂದು ಗೆಳತಿಯರು ಕೇಳಿದರೆ ಮಿಡತೆ “ಗಿಡಗಳ ಡಾಕ್ಟರು” ಎನ್ನುತ್ತಿದ್ದಳು. “ಆದ್ರೆ ಗಿಡದ ಹತ್ರ ಹೋಗಲ್ಲ, ಟಿವಿಯಲ್ಲಿ ನೋಡ್ತಾರೆ,” ಎಂದು ಸೇರಿಸುತ್ತಿದ್ದಳು. ಅದು ತೀರಾ ಸುಳ್ಳೂ ಅಲ್ಲ. ಆಕಾಶದಲ್ಲಿ ಎಲ್ಲೋ ಮೇಲೆ, ವಿಮಾನಗಳಿಗಿಂತ ಎಷ್ಟೋ ಮೇಲೆ, ಒಂದು ಸ್ಯಾಟಲೈಟ್ ಸುತ್ತುತ್ತಿತ್ತು. ಅದು ಕಳಿಸುವ ಫೋಟೋ ನೋಡಿ ಯಾರ ಹೊಲದ ಪೈರು ಚೆನ್ನಾಗಿದೆ, ಯಾರದು ಸೊರಗಿದೆ ಎಂದು ಅಮ್ಮ ಕೂತಲ್ಲಿಂದಲೇ ಹೇಳುತ್ತಿದ್ದಳು.

ಮಿಡತೆ ಕೈ ಕಟ್ಟಿಕೊಂಡು ಕೂತಳು. ಗೋಡೆಯ ಮೇಲಿನ ಗಡಿಯಾರ ನೋಡಿದಳು. ಏಸಿಯ ಗಾಳಿಗೆ ಅಲುಗುತ್ತಿದ್ದ ಕಿಟಕಿಯ ಪರದೆ ನೋಡಿದಳು. ಆಮೇಲೆ ಮೌಸ್ ನೋಡಿದಳು. ಮೌಸ್ ಕೂಡ ಅವಳನ್ನೇ ನೋಡುತ್ತಿರುವಂತಿತ್ತು. ಒಂದೇ ಒಂದು ಬೆರಳಿನಿಂದ, ಧೂಳು ಒರೆಸುವಷ್ಟು ಹಗುರವಾಗಿ, ಅವಳು ಅದನ್ನು ಮುಟ್ಟಿದಳು.

ಕಪ್ಪಗಿದ್ದ ದೊಡ್ಡ ಸ್ಕ್ರೀನ್ ಥಟ್ಟನೆ ಬೆಳಗಿತು. ಪೂರ್ತಿ ಕೆಂಪು.

ಅಂಥ ಕೆಂಪನ್ನು ಅವಳು ಎಂದೂ ನೋಡಿರಲಿಲ್ಲ. ಕೆಂಪು ಚೌಕಗಳು, ಕೆಂಪು ಪಟ್ಟಿಗಳು, ನಡುನಡುವೆ ಕಪ್ಪು ದಾರದಂಥ ಗೆರೆಗಳು. ಇದೇನಿದು? ಕಂಬಳಿಯ ಚಿತ್ರವೇ? ಮೌಸಿನ ಚಕ್ರವನ್ನು ಒಂದಿಷ್ಟು ತಿರುಗಿಸಿದಳು. ಚಿತ್ರ ಹತ್ತಿರ ಬಂತು. ಇನ್ನೊಂದಿಷ್ಟು ತಿರುಗಿಸಿದಳು. ಲಿಫ್ಟ್ ಸರ್ರನೆ ಕೆಳಗಿಳಿದ ಹಾಗಾಯಿತು. ಆಕಾಶದಿಂದ ಅವಳೇ ಕೆಳಗಿಳಿಯುತ್ತಿದ್ದಳು!

ದಾರದಂಥ ಗೆರೆಗಳು ರಸ್ತೆಗಳಾದವು. ಒಂದು ದಪ್ಪ ಕಪ್ಪು ಗೆರೆ ಕಾಲುವೆಯಾಯಿತು. ಕಾಲುವೆಗೆ ಅಡ್ಡಲಾಗಿ ರೈಲುಹಳಿ. ಈ ಕಾಲುವೆ, ಈ ರೈಲುಹಳಿ ಎರಡೂ ಅವಳಿಗೆ ಗೊತ್ತು. ಅವು ಕೂಡುವ ಜಾಗದ ಪಕ್ಕದಲ್ಲಿ, ಹಿಂದೆ ಅಗಲವಾಗಿ ಮುಂದೆ ಮೂತಿ ಚೂಪಾಗಿ, ಬಟ್ಟೆಗೆ ಇಸ್ತ್ರಿ ಹಾಕುವ ಪೆಟ್ಟಿಗೆಯಂತೆ ಒಂದು ಹೊಲ.

“ಮಾವನ ಹೊಲ!” ಅವಳು ಕುರ್ಚಿಯ ಮೇಲೇ ನೆಗೆದಳು.

ಅಮ್ಮನ ಅಣ್ಣ ಆ ಮಾವ. ಅವರ ಹೊಲಕ್ಕೆ ಇಸ್ತ್ರಿಪೆಟ್ಟಿಗೆ ಹೊಲ ಎಂದೇ ಹೆಸರು. ಈ ಸಲ ಅದರ ತುಂಬ ಆಲೂಗಡ್ಡೆ. ಕಳೆದ ತಿಂಗಳಷ್ಟೇ ಅವಳು ಅದರ ಬದುವಿನ ಮೇಲೆ ಓಡಾಡಿದ್ದಳು. ಈಗ ಅದನ್ನೇ ನಕ್ಷತ್ರಗಳು ನೋಡುವ ಹಾಗೆ ಮೇಲಿನಿಂದ ನೋಡುತ್ತಿದ್ದಳು.

ಆಮೇಲೆ ಅವಳಿಗೆ ಬಣ್ಣ ನೆನಪಾಯಿತು.

ಇಸ್ತ್ರಿಪೆಟ್ಟಿಗೆ ಪೂರ್ತಿ ಕೆಂಪಾಗಿತ್ತು, ಕಾದ ಕೆಂಡದ ಹಾಗೆ. ಕಾಲುವೆಗೆ ತಾಗಿದ ಮೂತಿ ಮಾತ್ರ ಹಾಗಿರಲಿಲ್ಲ. ಅಲ್ಲಿ ಕೆಂಪು ಮಾಸಿ, ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಮಸುಕಾಗಿತ್ತು. ಚಿತ್ರದ ಕೆಳಗೆ ನಿನ್ನೆಯ ತಾರೀಖು ಇತ್ತು.

ಕೆಂಪು ಎಂದರೆ ಏನೆಂದು ಮಿಡತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಸ್ತೆಯಲ್ಲಿ ಕೆಂಪು ದೀಪ ಎಂದರೆ ನಿಲ್ಲು. ಪರೀಕ್ಷೆಯಲ್ಲಿ ಕೆಂಪು ಗೆರೆ ಎಂದರೆ ತಪ್ಪು. ಜ್ವರ ಬಂದರೆ ಕಣ್ಣು ಕೆಂಪು. ಮಾವನ ಹೊಲಕ್ಕೆ ಭಯಂಕರವಾದ ರೋಗ ಬಂದಿದೆ! ಅದು ಮೂತಿಯವರೆಗೆ ಮಾತ್ರ ಇನ್ನೂ ಹೋಗಿಲ್ಲ.

ಹೊರಗೆ ಅಮ್ಮನ ಚಪ್ಪಲಿಯ ಸದ್ದಾಯಿತು. ಮಿಡತೆ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಎರಡೂ ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು, ಏನೂ ಅರಿಯದ ಮಗುವಿನಂತೆ ಚಾವಣಿ ನೋಡುತ್ತ ಕೂತಳು.

“ಏಳು ಏಳು,” ಎಂದು ಅಮ್ಮ ಡ್ರೋನಿನ ಪೆಟ್ಟಿಗೆ ಎತ್ತಿಕೊಂಡಳು. “ನಾನು ಕಾಲುವೆ ಕಡೆ ಹೋಗ್ಬೇಕು, ಡ್ರೋನ್ ಹಾರಿಸೋ ಕೆಲಸ ಇದೆ. ದಾರೀಲಿ ನಿನ್ನನ್ನ ಮಾವನ ಮನೇಲಿ ಬಿಡ್ತೀನಿ. ಸಂಜೆ ಬಂದು ಕರ್ಕೊಂಡು ಹೋಗ್ತೀನಿ.”

ಜೀಪಿನಲ್ಲಿ ಮಿಡತೆ ಸೀಟಿನ ತುದಿಗೆ ಸರಿದು ಕೂತಳು. ಕೇಳಿಬಿಡಬೇಕು. ಆದರೆ ಕೇಳಿದರೆ ಮೌಸ್ ಮುಟ್ಟಿದ್ದು ಗೊತ್ತಾಗುತ್ತದೆ.

“ಅಮ್ಮ, ಕೆಂಪು...”

“ಏನೇ ಕೆಂಪು?” ಅಮ್ಮ ಗೇರ್ ಬದಲಿಸುತ್ತ ಕೇಳಿದಳು.

“ನಿನ್ನ ಕಣ್ಣು ಕೆಂಪಗಾಗಿದೆ.”

“ನಿದ್ದೆಯಿಲ್ಲ ಕಣೇ. ಒಂದು ವಾರ ಬರೀ ಮೋಡ, ಒಂದು ಫೋಟೋನೂ ಸರಿಯಾಗಿ ಬರ್ಲಿಲ್ಲ. ನಿನ್ನೆ ಬಿಸಿಲು ಬಂದಿದ್ದೇ ಬಂದಿದ್ದು, ಎಲ್ಲಾ ಒಟ್ಟಿಗೆ ಬಂದು ರಾಶಿ ಬಿದ್ದಿದೆ. ಇನ್ನೂ ಅರ್ಧ ನೋಡಿಲ್ಲ.”

ಮಾವನ ಹೊಲ ಅಮ್ಮ ನೋಡದ ಆ ಅರ್ಧದಲ್ಲೇ ಇರಬೇಕು. ಮಿಡತೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮಾವ ಅಂಗಳದಲ್ಲೇ ಇದ್ದರು. ಟ್ರ್ಯಾಕ್ಟರಿಗೆ ಎಣ್ಣೆ ಬಿಡುತ್ತಿದ್ದವರು ಅವಳನ್ನು ಕಂಡು ಎರಡೂ ಕೈ ಮೇಲೆತ್ತಿದರು. “ಅಯ್ಯಯ್ಯೋ, ಹೊಲಕ್ಕೆ ಮಿಡತೆ ಬಂತಪ್ಪೋ! ಲೇ, ಆ ಔಷಧಿ ಡಬ್ಬ ತಗೊಂಡು ಬಾರೇ!”

ಒಳಗಿನಿಂದ ಅತ್ತೆ ನಗುತ್ತ ಬಂದರು. ಯಾವಾಗಲೂ ಈ ಮಾತಿಗೆ ಮಿಡತೆ ಮಾವನ ಸುತ್ತ ನೆಗೆದಾಡುತ್ತಿದ್ದಳು. ಇವತ್ತು ನಿಂತಲ್ಲೇ ನಿಂತಿದ್ದಳು. ಅಮ್ಮನ ಜೀಪು ತಿರುವಿನಲ್ಲಿ ಮರೆಯಾಗುವುದನ್ನೇ ಕಾದು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. “ಮಾವ, ನಿಮ್ಮ ಹೊಲಕ್ಕೆ ರೋಗ ಬಂದಿದೆ. ಸ್ಯಾಟಲೈಟಲ್ಲಿ ನೋಡ್ದೆ. ಇಸ್ತ್ರಿಪೆಟ್ಟಿಗೆ ಪೂರ್ತಿ ಕೆಂಪು ಕೆಂಪು ಕೆಂಪು! ಮೂತಿ ಒಂದೇ ಚೆನ್ನಾಗಿರೋದು.”

ಮಾವನ ನಗು ಇಳಿದುಹೋಯಿತು.

ಅವರು ವಾರದಿಂದ ಹೆದರಿಕೊಂಡೇ ಇದ್ದರು. ಮೋಡ, ತೇವ, ಮಂಜು. ಆಲೂಗಡ್ಡೆಗೆ ಅಂಗಮಾರಿ ಬರುವುದು ಇಂಥ ಹವೆಯಲ್ಲೇ. ಕಾಲುವೆಯ ಆಚೆ ದಡದ ಹೊಲಗಳಿಗೆ ಅದು ಆಗಲೇ ಬಂದು, ಗಿಡಗಳೆಲ್ಲ ಕಪ್ಪಾಗಿ ಕೊಳೆತು ಬಿದ್ದಿದ್ದವು. ಗಾಳಿಯಲ್ಲಿ ಹಾರಿಬರುವ ಆ ರೋಗಕ್ಕೆ ಕಾಲುವೆ ದಾಟುವುದು ಯಾವ ಲೆಕ್ಕ?

“ನೀನೇ ನೋಡಿದ್ಯಾ? ನಿಮ್ಮಮ್ಮನ ಕಂಪ್ಯೂಟರಲ್ಲಿ?”

“ಹೂಂ ಮಾವ. ನಿನ್ನೆ ತೆಗ್ದ ಫೋಟೋ.”

“ಅವಳಮ್ಮನ್ನ ಒಂದು ಮಾತು ಕೇಳ್ರೀ,” ಎಂದರು ಅತ್ತೆ. ಮಾವ ಫೋನ್ ಮಾಡಿದರು. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದರು. ಡ್ರೋನ್ ಹಾರಿಸುವಾಗ ಅಮ್ಮ ಫೋನ್ ಆಫ್ ಮಾಡಿಯೇ ಇಡುತ್ತಾಳೆ ಎನ್ನುವುದು ಮಿಡತೆಗೆ ಗೊತ್ತಿತ್ತು.

“ಸಂಜೆ ಬರ್ತಾಳಲ್ಲ, ಕಾಯೋಣ,” ಎಂದರು ಅತ್ತೆ.

“ಸಂಜೆ ಅಷ್ಟೊತ್ತಿಗೆ ಗಾಳಿ ಎದ್ರೆ ಏನು ಮಾಡ್ತೀಯ? ಎಲೆಯಿಂದ ಗೆಡ್ಡೆಗೆ ಇಳಿದ್ರೆ ಮುಗೀತು, ಒಂದೂ ಉಳಿಯಲ್ಲ.” ಮಾವ ಆಗಲೇ ಹೊಲದ ಕಡೆ ಹೆಜ್ಜೆ ಹಾಕಿದ್ದರು. ಮಿಡತೆ ಹಿಂದೆಯೇ ಓಡಿದಳು.

ಹೊಲ ಹಚ್ಚಹಸಿರಾಗಿತ್ತು. ಸಾಲುಸಾಲಾಗಿ ಮೊಣಕಾಲೆತ್ತರದ ಗಿಡ, ಮೇಲೆ ಬಿಳಿಯ ಹೂವು. ಮಾವ ಒಂದು ಎಲೆ ಮಗುಚಿ ನೋಡಿದರು. ಇನ್ನೊಂದು ಸಾಲಿಗೆ ಹೋಗಿ ಇನ್ನೊಂದು ನೋಡಿದರು.

“ಏನು ಹುಡುಕ್ತಿದೀರ ಮಾವ?”

“ಅಂಗಮಾರಿ ಮೊದಲು ಎಲೆ ಅಡಿಯಲ್ಲಿ ಕೂತ್ಕೊಳ್ಳುತ್ತೆ. ಕಂದು ಮಚ್ಚೆ, ಅದರ ಸುತ್ತ ಹಿಟ್ಟು ಉದುರಿದ ಹಾಗೆ ಬಿಳಿ ಬೂಸು. ಇಲ್ಲೇನೂ ಇಲ್ವಲ್ಲ...” ಮಾವ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ತಲೆಯಾಡಿಸಿದರು. “ಇಲ್ಲ, ಇದ್ರೂ ನಂಗೆ ಕಾಣಲ್ಲ. ನಮ್ಮ ಕಣ್ಣಿಗೆ ಕಾಣೋ ಮೊದ್ಲೇ ಸ್ಯಾಟಲೈಟಿಗೆ ಕಾಣುತ್ತೆ ಅಂತ ನಿಮ್ಮಮ್ಮನೇ ಎಷ್ಟು ಸಲ ಹೇಳಿದಾಳೆ. ನಾನು ನೋಡಿ ನಂಬ್ತೀನಿ ಅಂತ ಕೂತ್ರೆ ಕೈ ಮೀರಿಹೋಗುತ್ತೆ.”

“ಈಗ ಏನು ಮಾಡ್ತೀರ?”

“ಸೊಪ್ಪು ಕತ್ತರಿಸ್ತೀನಿ. ಮೇಲೆ ಎಲೆನೇ ಇಲ್ದಿದ್ರೆ ರೋಗ ಕೆಳಗಿಳಿಯೋಕೆ ದಾರಿ ಇಲ್ಲ. ಗೆಡ್ಡೆ ಇನ್ನೂ ನಿಂಬೆಹಣ್ಣಿನಷ್ಟಿದೆ. ಇನ್ನು ಬೆಳೆಯಲ್ಲ. ಹೋಗ್ಲಿ, ಅಷ್ಟಾದ್ರೂ ಸಿಗುತ್ತೆ.” ಮಾವನ ದನಿ ಸಣ್ಣಗಾಗಿತ್ತು. “ಮೂತಿ ಚೆನ್ನಾಗಿದೆ ಅಂದೆ ಅಲ್ವಾ? ಅದನ್ನ ಬಿಡ್ತೀನಿ. ಮುಂದಿನ ಸಲ ಬಿತ್ತನೆಗಾದ್ರೂ ಆಗ್ಲಿ. ನೀನು ನೋಡಿ ಹೇಳಿದ್ದು ಒಳ್ಳೇದಾಯ್ತು ಕಣೇ ಮಿಡತೆ.”

ಸ್ವಲ್ಪ ಹೊತ್ತು ಮಿಡತೆಗೆ ಹೆಮ್ಮೆಯೇ ಆಯಿತು. ದೊಡ್ಡವರು ಅವಳ ಮಾತು ಕೇಳಿ ಟ್ರ್ಯಾಕ್ಟರ್ ಹೊರಡಿಸುವುದೆಂದರೆ ಸಣ್ಣ ಸಂಗತಿಯೇ?

ಆದರೆ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಸೊಪ್ಪು ಕತ್ತರಿಸುವ ಯಂತ್ರ. ಮಾವ ಹೊಲದ ಹಿಂಬದಿಯ ಅಗಲವಾದ ಕಡೆಯಿಂದ ಶುರುಮಾಡಿದರು. ಯಂತ್ರ ಗರಗರ ಎಂದಿತು. ಹಸಿರೆಲೆ, ಬಿಳಿ ಹೂವು ಎಲ್ಲ ಚೂರುಚೂರಾಗಿ ಹಾರಿ ಬಿದ್ದವು. ಟ್ರ್ಯಾಕ್ಟರ್ ಮುಂದೆ ಹೋದಂತೆ ಹಿಂದೆ ಬೋಳು ಕಡ್ಡಿಗಳು ಮಾತ್ರ ನಿಂತಿದ್ದವು. ಹಸಿಸೊಪ್ಪಿನ ವಾಸನೆ ಮೂಗಿಗೆ ಅಡರಿತು. ಸೀಟಿನ ಮೇಲೆ ಕೂತ ಮಾವ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಮಿಡತೆಯ ಹೆಮ್ಮೆ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ನೋಡಲಾಗದೆ ಅವಳು ಬದುವಿನ ಮೇಲೆ ನಡೆದು ಹೊಲದ ಮೂತಿಯ ಕಡೆ ಹೋದಳು. ಚೆನ್ನಾಗಿರುವ ಗಿಡಗಳ ಹತ್ತಿರವಾದರೂ ಕೂರೋಣ ಎಂದುಕೊಂಡಳು.

ಮೂತಿಯಲ್ಲಿ ಕಾಲುವೆಯ ತಂಪು ಇತ್ತು. ನೆಲ ಒದ್ದೆ. ಗಿಡಗಳು ಇಲ್ಲೂ ಹಸಿರಾಗಿಯೇ ಇದ್ದವು. ಮಿಡತೆ ಕುಕ್ಕರಗಾಲಲ್ಲಿ ಕೂತು, “ನೀವು ಬಚಾವ್,” ಎಂದು ಒಂದು ಎಲೆಯನ್ನು ಸವರಿದಳು. ಎಲೆ ಮಗುಚಿಕೊಂಡಿತು.

ಅಡಿಯಲ್ಲಿ ಕಂದು ಮಚ್ಚೆ. ಅದರ ಸುತ್ತ, ಯಾರೋ ಚಿಟಿಕೆ ಹಿಟ್ಟು ಉದುರಿಸಿದ ಹಾಗೆ, ಬಿಳಿ ಬೂಸು.

ಮಿಡತೆ ಕೈ ಹಿಂದಕ್ಕೆ ಎಳೆದುಕೊಂಡಳು. ಪಕ್ಕದ ಗಿಡದ ಎಲೆ ಮಗುಚಿದಳು. ಅಲ್ಲೂ ಅದೇ. ಅದರಾಚೆಯ ಗಿಡದಲ್ಲೂ ಅದೇ. ಎದ್ದು, ಹೊಲದ ನಡುವಿನವರೆಗೆ ಓಡಿ, ಅಲ್ಲಿನ ಎಲೆ ಮಗುಚಿದಳು. ತೊಳೆದಿಟ್ಟಷ್ಟು ಚೊಕ್ಕ. ಇನ್ನೊಂದು? ಚೊಕ್ಕ.

ಎಲ್ಲ ತಿರುಗುಮುರುಗಾಗಿತ್ತು. ಸ್ಕ್ರೀನಿನಲ್ಲಿ ಕೆಂಪಾಗಿದ್ದ ಕಡೆ ಏನೂ ಇಲ್ಲ. ಮಾಸಿದ್ದ ಕಡೆಯೇ ರೋಗ.

ಹಾಗಾದರೆ ಕೆಂಪು ಎಂದರೆ ಏನು?

ಆ ಪ್ರಶ್ನೆ ಅವಳ ತಲೆಗೆ ಬಂದದ್ದು ಅದೇ ಮೊದಲು. ಬೆಳಗ್ಗೆಯಿಂದ ಉತ್ತರ ಹೇಳುತ್ತ ಓಡಾಡಿದ್ದಳೇ ಹೊರತು ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ.

“ಮಾವಾ! ಮಾವಾ, ನಿಲ್ಸಿ!”

ಟ್ರ್ಯಾಕ್ಟರಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಅವಳು ಬದುವಿನ ಮೇಲೆ ಓಡಿದಳು. ಒಂದು ಕಡೆ ಜಾರಿ ಬಿದ್ದು, ಅಂಗೈ ತರಚಿಕೊಂಡು, ಎದ್ದು ಮತ್ತೆ ಓಡಿದಳು. ಓಡುತ್ತಲೇ ಹಳದಿ ಸ್ವೆಟರನ್ನು ತಲೆಯ ಮೇಲಿಂದ ಕಿತ್ತು, ಟ್ರ್ಯಾಕ್ಟರ್ ತಿರುಗುವ ತುದಿಯಲ್ಲಿ ನಿಂತು, ಅದನ್ನು ಗಾಳಿಯಲ್ಲಿ ಗಿರಗಿರ ಬೀಸಿದಳು.

ಮಾವ ನೋಡಿದರು. ಎಂಜಿನ್ ನಿಂತಿತು. ಥಟ್ಟನೆ ಬಿದ್ದ ಆ ಮೌನದಲ್ಲಿ ಹೇಳಬೇಕಾದ ಮಾತು ಇನ್ನೂ ಕಷ್ಟವಾಯಿತು.

“ಏನಾಯ್ತೇ? ಹಾವಾ?”

“ಅಲ್ಲ ಮಾವ. ಕೆಂಪು ಅಂದ್ರೆ... ಕೆಂಪು ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ.”

“ಅಂದ್ರೆ?”

“ರೋಗ ಅಂತ ಅಮ್ಮ ಹೇಳಿಲ್ಲ. ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೆ. ಮೌಸ್ ಮುಟ್ಬೇಡ ಅಂದಿದ್ಲು, ಮುಟ್ಟಿದ್ದೆ, ಅದಕ್ಕೇ ಕೇಳ್ಲಿಲ್ಲ.” ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. “ಬೂಸು ಇರೋದು ಮೂತೀಲಿ ಮಾವ. ನಾನು ಚೆನ್ನಾಗಿದೆ ಅಂದೆನಲ್ಲ, ಅಲ್ಲಿ!”

ಮಾವ ಬೈಯಲಿಲ್ಲ. ಸೀಟಿನಿಂದ ಇಳಿದು ಸುಮ್ಮನೆ ಅವಳ ಜೊತೆ ನಡೆದರು. ಮೂತಿಗೆ ಬಂದು ಒಂದು ಎಲೆ ಮಗುಚಿದರು, ಇನ್ನೊಂದು ಮಗುಚಿದರು. ಆಮೇಲೆ ಒದ್ದೆ ನೆಲದ ಮೇಲೇ ಕೂತುಬಿಟ್ಟರು. ಉಳಿಸಬೇಕಾದ್ದನ್ನು ಕತ್ತರಿಸುತ್ತ, ಕತ್ತರಿಸಬೇಕಾದ್ದನ್ನು ಉಳಿಸಲು ಹೊರಟಿದ್ದರು.

ಅಷ್ಟರಲ್ಲಿ ಮಾವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

“ಏನಣ್ಣ, ಎರಡೆರಡು ಸಲ ಫೋನ್ ಮಾಡಿದೀಯ? ಮಿಡತೆ ಏನಾದ್ರೂ ಒಡೆದು ಹಾಕಿದ್ಲಾ?” ಅಮ್ಮನ ದನಿ ಸ್ಪೀಕರಿನಲ್ಲಿ ಹೊಲಕ್ಕೆಲ್ಲ ಕೇಳಿಸಿತು.

ಮಾವ ಮಿಡತೆಯ ಮುಖ ನೋಡಿದರು. ಮಿಡತೆಯೇ ಫೋನಿನ ಹತ್ತಿರ ಬಾಗಿದಳು. “ಅಮ್ಮ, ನಿನ್ನ ಸ್ಯಾಟಲೈಟ್ ಫೋಟೋದಲ್ಲಿ ಕೆಂಪು ಅಂದ್ರೆ ಏನಮ್ಮ?”

“ಯಾಕೆ? ಕೆಂಪು ಅಂದ್ರೆ ಪೈರು ಗಟ್ಟಿಮುಟ್ಟಾಗಿದೆ ಅಂತ. ಎಷ್ಟು ಕೆಂಪೋ ಅಷ್ಟು ಆರೋಗ್ಯ. ಮಾಸಿದ್ರೇನೇ ಚಿಂತೆ ಮಾಡ್ಬೇಕು.” ಅಮ್ಮ ತಟಕ್ಕನೆ ಮಾತು ನಿಲ್ಲಿಸಿದಳು. “ಏನಾಯ್ತು ಅಲ್ಲಿ?”

ಅಮ್ಮ ಬರುವಷ್ಟರಲ್ಲಿ ಬಿಸಿಲು ಓರೆಯಾಗಿತ್ತು. ಅವಳು ಬದುವಿನ ಮೇಲೆ ನಿಂತು, ಬೋಳಾದ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಮಿಡತೆಯ ತರಚಿದ ಅಂಗೈ ನೋಡಿದಳು. ಕರವಸ್ತ್ರ ತೆಗೆದು ಅದಕ್ಕೆ ಸುತ್ತಿದಳು. ಚೆನ್ನಾಗಿ ಬೈದುಬಿಟ್ಟಿದ್ದರೆ ವಾಸಿ ಎಂದು ಮಿಡತೆಗೆ ಅನ್ನಿಸಿತು.

“ಕತ್ತಲಾಗೋದ್ರೊಳಗೆ ಮೂತಿ ಕತ್ತರಿಸಿ ತೆಗೀಬೇಕು ಅಣ್ಣ, ನಾಳೆ ಬೆಳಿಗ್ಗೆ ಮಿಕ್ಕಿದ್ದಕ್ಕೆ ಔಷಧಿ,” ಎಂದಳು ಅಮ್ಮ. “ಎಲ್ಲೀವರೆಗೆ ಕತ್ತರಿಸ್ಬೇಕು ಅಂತ ಮೊದ್ಲು ಸರಿಯಾಗಿ ನೋಡ್ಕೊಳ್ಳೋಣ.”

ಅವಳು ಪೆಟ್ಟಿಗೆ ತೆರೆದು ಡ್ರೋನನ್ನು ನೆಲದ ಮೇಲಿಟ್ಟಳು. ಅದು ದುಂಬಿಗಳ ಹಿಂಡಿನಂತೆ ಗುಂಯ್‌ಗುಟ್ಟುತ್ತ ಮೇಲೇರಿತು, ಗುಬ್ಬಿಯಷ್ಟಾಯಿತು, ಚುಕ್ಕೆಯಾಯಿತು. ಅಮ್ಮನ ಕೈಯ ಟ್ಯಾಬಿನಲ್ಲಿ ಚಿತ್ರ ಮೂಡಿತು. ಮಾವ, ಅತ್ತೆ, ಮಿಡತೆ ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು.

ಹೊಲ ಉರಿಯುತ್ತಿತ್ತು. ಒಂದೊಂದು ಸಾಲೂ, ಒಂದೊಂದು ಗಿಡವೂ ಕೆಂಪಾಗಿ ಧಗಧಗ ಹೊಳೆಯುತ್ತಿತ್ತು. ಮಿಡತೆ ತಲೆಯೆತ್ತಿ ಎದುರಿಗಿದ್ದ ಹೊಲ ನೋಡಿದಳು. ಹಸಿರು. ಟ್ಯಾಬ್ ನೋಡಿದಳು. ಕೆಂಪು. ಮತ್ತೆ ಹೊಲ. ಹಸಿರು.

“ಇದು ಸುಳ್ಳು ಬಣ್ಣಾನಾ ಅಮ್ಮ?”

“ಬಣ್ಣ ನಾವು ಕೊಟ್ಟಿದ್ದು. ಬೆಳಕು ಮಾತ್ರ ನಿಜ.” ಅಮ್ಮ ರಿಮೋಟಿನ ಕಡ್ಡಿಗಳನ್ನು ಒತ್ತುತ್ತ ಡ್ರೋನನ್ನು ನಿಧಾನವಾಗಿ ಸರಿಸಿದಳು. “ಮಳೆಬಿಲ್ಲಲ್ಲಿ ಕೆಂಪು ಕೊನೇ ಬಣ್ಣ ಅಲ್ವಾ? ಅದರ ಆಚೆಗೂ ಬೆಳಕಿದೆ. ನಮ್ಮ ಕಣ್ಣು ಅಲ್ಲಿವರೆಗೆ ಹೋಗಲ್ಲ. ಚೆನ್ನಾಗಿರೋ ಎಲೆ ಆ ಬೆಳಕನ್ನ ಒಳಗೆ ಇಟ್ಕೊಳ್ಳಲ್ಲ, ಬಿಸಿಲು ಬಿದ್ದ ಹಾಗೆ ವಾಪಸ್ ಎರಚ್ತಾನೇ ಇರುತ್ತೆ. ನಮಗೆ ಹಸಿರು ಕಾಣುತ್ತಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಈ ಕ್ಯಾಮೆರಾಗೆ ಅದು ಕಾಣುತ್ತೆ. ಆದ್ರೆ ಕಾಣದೇ ಇರೋ ಬೆಳಕನ್ನ ನಮಗೆ ಹೇಗೆ ತೋರಿಸೋದು? ಯಾವುದಾದ್ರೂ ಒಂದು ಬಣ್ಣ ಕೊಡ್ಬೇಕಲ್ಲ. ಬಣ್ಣ ಹಂಚೋವಾಗ ಅದರ ಪಾಲಿಗೆ ಕೆಂಪು ಬಂತು.”

“ಗಿಡಕ್ಕೆ ಹುಷಾರಿಲ್ದಿದ್ರೆ?”

“ಎಲೆಯೊಳಗೆ ಹಾಳಾಗ್ತಾ ಬರುತ್ತೆ. ಎರಚೋದು ಕಮ್ಮಿಯಾಗುತ್ತೆ. ಮೇಲೆ ಇನ್ನೂ ಹಸಿರಾಗೇ ಕಾಣ್ತಿರುತ್ತೆ, ಆದ್ರೆ ಆ ಬೆಳಕು ಆಗ್ಲೇ ಮಂಕಾಗಿರುತ್ತೆ. ನೋಡು.”

ಚಿತ್ರ ಮೂತಿಯ ಕಡೆ ಸರಿಯಿತು. ಕೆಂಪು ಆರುತ್ತ ಆರುತ್ತ ಬೂದಿಯಂತಾಯಿತು. ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಎಳೆದ ಹಾಗೆ ಕಾಣುತ್ತಿತ್ತು.

“ಮತ್ತೆ ಅದೇನು?” ಅತ್ತೆ ಹೊಲದ ಇನ್ನೊಂದು ಬದಿಗೆ ಬೆರಳು ಮಾಡಿದರು. ಕೆಂಪಿನ ಅಂಚಿನಲ್ಲಿ, ಹೊಲದ ಅಗಲಕ್ಕೂ, ಒಂದು ಪಟ್ಟಿ. ಅದರಲ್ಲಿ ಕೆಂಪಿನ ಸುಳಿವೇ ಇಲ್ಲ. ಉಜ್ಜಿ ಅಳಿಸಿದ ಹಾಗೆ ಬೆಳ್ಳಗೆ ಖಾಲಿ.

ಮಾವ ಬೋಳಾದ ಸಾಲುಗಳ ಕಡೆ ನೋಡಿದರು.

“ಅದು ನಾನು,” ಎಂದಳು ಮಿಡತೆ.

ಬೆಳಗ್ಗೆ ಅಂಗಳದಲ್ಲಿ ಅವಳು ಆಡಿದ್ದು ಒಂದೇ ಉಸಿರಿನ ಮಾತು. ಅದು ಆಕಾಶದಿಂದ ಕಾಣುವಷ್ಟು ದೊಡ್ಡದಾಗಿತ್ತು. ನಾಳೆಯೋ ನಾಡಿದ್ದೋ ಸ್ಯಾಟಲೈಟ್ ಮತ್ತೆ ಹಾದುಹೋದಾಗ ಅದಕ್ಕೂ ಕಾಣುತ್ತದೆ.

ಮಾವ ಅವಳ ತಲೆಯ ಮೇಲೆ ಕೈಯಿಟ್ಟರು. “ಪಟ್ಟಿ ಅಷ್ಟಕ್ಕೇ ನಿಂತಿದೆಯಲ್ಲ, ಅದೂ ನೀನೇ ಕಣೇ,” ಎಂದರು. “ಅಷ್ಟು ಪುಟ್ಟ ಗೆಡ್ಡೆನ ನಾವೇ ಬೇಯಿಸ್ಕೊಂಡು ತಿನ್ನೋಣ ಬಿಡು. ಸಣ್ಣದಾದಷ್ಟೂ ರುಚಿ ಜಾಸ್ತಿ.”

ಮಾವ ಮೂತಿಯ ಸೊಪ್ಪನ್ನೆಲ್ಲ ಕತ್ತರಿಸಿದರು. ಅತ್ತೆ, ಅಮ್ಮ ಸೇರಿ ಅದನ್ನು ಚೀಲಗಳಿಗೆ ತುಂಬಿ ಹೊಲದಿಂದ ಆಚೆ ಸಾಗಿಸಿದರು. ಮಿಡತೆ ಚೀಲದ ಬಾಯಿ ಹಿಡಿದುಕೊಂಡು ನಿಂತಳು. ಕೆಲಸ ಮುಗಿದಾಗ ಸೂರ್ಯ ರೈಲುಹಳಿಯ ಮೇಲಿಂದ ಇನ್ನೂ ಒಂದು ಗೇಣು ಎತ್ತರದಲ್ಲಿದ್ದ. ಅಮ್ಮ ಡ್ರೋನನ್ನು ಪೆಟ್ಟಿಗೆಗೆ ಇಟ್ಟು, ಟ್ಯಾಬ್ ಆರಿಸಿ, ಕೈ ತೊಳೆಯಲು ಅತ್ತೆಯ ಜೊತೆ ಮನೆಯ ಕಡೆ ಹೋದಳು.

ಮಾವ ಹೋಗಲಿಲ್ಲ. ಸಾಲುಗಳ ನಡುವೆ ನಡೆದು ಹೊಲದ ಮಧ್ಯೆ ನಿಂತರು. ಇಷ್ಟು ವರ್ಷ ತಾವೇ ಬಿತ್ತಿ ತಾವೇ ಬೆಳೆದ ಹೊಲವನ್ನು ಯಾರದೋ ಹೊಲಕ್ಕೆ ಬಂದವರಂತೆ ನೋಡುತ್ತಿದ್ದರು. ಮಿಡತೆ ಎಲೆಗಳಿಗೆ ಕಾಲು ತಾಗದಂತೆ ಒಂದೊಂದೇ ಹೆಜ್ಜೆಯಿಟ್ಟು ಹೋಗಿ ಪಕ್ಕದಲ್ಲಿ ನಿಂತಳು.

“ಈಗಲೂ ಆ ಬೆಳಕು ಎರಚ್ತಾ ಇದೆಯಾ?” ಎಂದು ಮಾವ ಮೆಲ್ಲನೆ ಕೇಳಿದರು.

ಹೂಂ ಎಂದುಬಿಡಲು ಮಿಡತೆಯ ಬಾಯಿ ತೆರೆದಿತ್ತು. ಅವಳು ಅದನ್ನು ಮುಚ್ಚಿ, ಸೂರ್ಯನ ಕಡೆ ನೋಡಿದಳು. ಎಲೆಗಳ ಮೇಲೆ ಬಿದ್ದ ಬಿಸಿಲು ನೋಡಿದಳು. ಅಮ್ಮ ಹೇಳಿದ್ದನ್ನೆಲ್ಲ ಮೊದಲಿನಿಂದ ಮತ್ತೊಮ್ಮೆ ಯೋಚಿಸಿದಳು.

“ಬಿಸಿಲು ಇರೋವರೆಗೆ ಇರುತ್ತೆ ಅನ್ಸುತ್ತೆ ಮಾವ,” ಎಂದಳು.

ಮಾವ ತಲೆದೂಗಿದರು. ಇಬ್ಬರ ಕಣ್ಣಿಗೂ ಕಾಣುತ್ತಿದ್ದದ್ದು ಬರೀ ಹಸಿರು. ಆದರೂ ಸೂರ್ಯ ಪೂರ್ತಿ ಮುಳುಗುವವರೆಗೆ ಇಬ್ಬರೂ ಅಲ್ಲೇ ನಿಂತು ನೋಡುತ್ತಿದ್ದರು.